ಕೂಸಿನ ಹೃದಯ, ದೂರದ ತಜ್ಞರು: ಗದಗ, ಹಾವೇರಿಯ ಹೆರಿಗೆ ಆಸ್ಪತ್ರೆಗಳು ಯಾವ ದಾರಿಯನ್ನು ಆರಿಸಿಕೊಳ್ಳಬೇಕು?

ಹುಟ್ಟಿ 31 ತಾಸು ಕಳೆದಿದ್ದ ಹೆಣ್ಣುಕೂಸಿನ ಬಲಗೈಯಲ್ಲಿ ಆಮ್ಲಜನಕದ ಮಟ್ಟ ಶೇ 93 ಎಂದೂ ಪಾದದಲ್ಲಿ ಶೇ 86 ಎಂದೂ ಯಂತ್ರ ತೋರಿಸುತ್ತಿತ್ತು. ಕೂಸು ಅಳುತ್ತಿರಲಿಲ್ಲ, ಕಣ್ಣಿಗೆ ಕಾಣುವಷ್ಟು ನೀಲಿಗಟ್ಟಿರಲಿಲ್ಲ. ಎದೆಹಾಲನ್ನು ಮಾತ್ರ ನಾಲ್ಕು ಗುಟುಕು ಎಳೆದು ಬಿಟ್ಟುಬಿಡುತ್ತಿತ್ತು. ರಾತ್ರಿ ಹತ್ತೂವರೆಯ ಸಮಯ. ಗದಗ ಜಿಲ್ಲೆಯ ಒಂದು ತಾಲ್ಲೂಕು ಊರು. ಹುಬ್ಬಳ್ಳಿ ಮುಟ್ಟಬೇಕಾದರೆ ಎರಡು ತಾಸಿನ ದಾರಿ. ಮಕ್ಕಳ ಹೃದಯವನ್ನಷ್ಟೇ ನೋಡುವ ತಜ್ಞರು ಆ ಹೊತ್ತಿಗೆ ಫೋನಿನಲ್ಲಿ ಸಿಗಬಹುದಿತ್ತೇ ಹೊರತು ಎದುರಿಗೆ ಬಂದು ನಿಲ್ಲುವಂತಿರಲಿಲ್ಲ. ಇಂಥ ಹೊತ್ತಿನಲ್ಲಿ ನನ್ನಂಥ ಮಕ್ಕಳ ವೈದ್ಯರ ಮುಂದೆ ನಾಲ್ಕೈದು ದಾರಿಗಳಿರುತ್ತವೆ. ಫೋನಿನಲ್ಲಿ ಸಲಹೆ ಕೇಳಬಹುದು, ಎಕೋ (ಶಬ್ದತರಂಗಗಳಿಂದ ಹೃದಯದ ಚಲಿಸುವ ಚಿತ್ರ ತೋರಿಸುವ ಪರೀಕ್ಷೆ) ಮಾಡಿ ಅದರ ತುಣುಕುಗಳನ್ನು ಕಳಿಸಿ ವರದಿಗೆ ಕಾಯಬಹುದು, ತಜ್ಞರು ಪರದೆಯ ಮೇಲೆ ನೋಡುತ್ತಿರುವಾಗಲೇ ಅವರು ಹೇಳಿದಂತೆ ಎಕೋ ಮಾಡಬಹುದು, ತಜ್ಞರು ಊರಿಗೆ ಬರುವ ದಿನಕ್ಕೆ ಕಾಯಬಹುದು, ಅಥವಾ ಯಾವುದಕ್ಕೂ ಕಾಯದೆ ಕೂಸನ್ನು ಆಂಬ್ಯುಲೆನ್ಸಿನಲ್ಲಿ ಮಲಗಿಸಿ ಹೊರಡಿಸಬಹುದು. ಇವುಗಳಲ್ಲಿ ಮೊದಲ ಮೂರಕ್ಕೂ ಟೆಲಿಮೆಡಿಸಿನ್ ಎಂಬ ಒಂದೇ ಹೆಸರನ್ನು ಅಂಟಿಸಿಬಿಡುವುದರಿಂದ, ಒಂದನ್ನು ಅಳವಡಿಸಿಕೊಂಡ ಆಸ್ಪತ್ರೆ ಮೂರನ್ನೂ ಅಳವಡಿಸಿಕೊಂಡಂತೆ ನಂಬಿ ಕೂರುವ ಅಪಾಯವಿದೆ. ಅವುಗಳ ನಡುವಿನ ವ್ಯತ್ಯಾಸವನ್ನು ನಮ್ಮ ಭಾಗದ ರಸ್ತೆ, ನೆಟ್‌ವರ್ಕ್ ಮತ್ತು ಸಿಬ್ಬಂದಿಯ ಲೆಕ್ಕದಲ್ಲಿ ಇಲ್ಲಿ ವಿವರಿಸಿದ್ದೇನೆ.

ಜೀವಂತವಾಗಿ ಹುಟ್ಟುವ ಪ್ರತಿ ಸಾವಿರ ಕೂಸುಗಳಲ್ಲಿ ಸುಮಾರು 8ರಿಂದ 9 ಕೂಸುಗಳ ಹೃದಯದ ರಚನೆಯಲ್ಲಿ ಒಂದಿಲ್ಲೊಂದು ದೋಷವಿರುತ್ತದೆ ಎಂಬುದು ಜಗತ್ತಿನಾದ್ಯಂತ ಒಪ್ಪಿತವಾದ ಲೆಕ್ಕ. ಇವುಗಳಲ್ಲಿ ಹೆಚ್ಚಿನವು ಅವಸರದವಲ್ಲ. ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಸರಿಸುಮಾರು ಕಾಲು ಭಾಗದಷ್ಟು ದೋಷಗಳಿಗೆ ಮಾತ್ರ ಮೊದಲ ವರ್ಷದೊಳಗೆ ಶಸ್ತ್ರಚಿಕಿತ್ಸೆ ಅಥವಾ ರಕ್ತನಾಳದೊಳಗೆ ತೆಳು ಕೊಳವೆ ತೂರಿಸಿ ಮಾಡುವ ಕ್ಯಾತಿಟರ್ ಚಿಕಿತ್ಸೆ ಬೇಕಾಗುತ್ತದೆ, ಅವುಗಳಲ್ಲೂ ಕೆಲವಕ್ಕೆ ಮೊದಲ ವಾರವೇ ನಿರ್ಣಾಯಕ. ಕಾರಣ ಡಕ್ಟಸ್ ಎಂಬ ಸಣ್ಣ ನಾಳ. ಗರ್ಭದಲ್ಲಿರುವಾಗ ಶ್ವಾಸಕೋಶಕ್ಕೆ ಹೋಗುವ ರಕ್ತನಾಳವನ್ನೂ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯನ್ನೂ ಜೋಡಿಸುವ ಈ ನಾಳ, ಹುಟ್ಟಿದ ಎರಡು ಮೂರು ದಿನಗಳಲ್ಲಿ ತಾನಾಗಿ ಮುಚ್ಚಿಕೊಳ್ಳಲು ತೊಡಗುತ್ತದೆ. ಶ್ವಾಸಕೋಶದ ನಾಳವೇ ಬೆಳೆಯದ, ಹೃದಯದ ಎಡ ಕೆಳಕೋಣೆಯಾದ ಹೃತ್ಕುಕ್ಷಿಯೇ ಚಿಕ್ಕದಾಗಿರುವ, ಮಹಾಪಧಮನಿಯ ಕಮಾನು ಕಿರಿದಾಗಿರುವ ಕೂಸುಗಳು ಈ ನಾಳದ ಆಸರೆಯ ಮೇಲೆಯೇ ಉಸಿರು ಹಿಡಿದಿರುತ್ತವೆ. ಆಸರೆ ಕಳಚಿದ ಕೆಲವೇ ತಾಸುಗಳಲ್ಲಿ, ಅದುವರೆಗೆ ಚೆನ್ನಾಗಿಯೇ ಕಾಣುತ್ತಿದ್ದ ಕೂಸು ಬಿಳಿಚಿಕೊಂಡು ತಣ್ಣಗಾಗುತ್ತದೆ. ಸಹಜ ಹೆರಿಗೆಯಾದ ಬಾಣಂತಿಯನ್ನು ನಮ್ಮಲ್ಲಿ ಒಂದೆರಡು ದಿನಕ್ಕೇ ಮನೆಗೆ ಕಳಿಸುವುದು ರೂಢಿಯಾಗಿದ್ದು, ಮನೆಯಲ್ಲಿ ಐದನೆಯ ದಿನದ ಸಟವಿ ಪೂಜೆಗೆ ಸಿದ್ಧತೆ ನಡೆಯುತ್ತಿರುವ ಹೊತ್ತಿಗೇ ಈ ನಾಳ ಮುಚ್ಚಿಕೊಳ್ಳುತ್ತಿರುತ್ತದೆ. ಎದೆಬಡಿತದಲ್ಲಿ ಹೆಚ್ಚುವರಿ ಶಬ್ದ ಕೇಳಿಸಿದರೆ ಮಾತ್ರ ದೋಷವಿದೆ ಎಂಬ ನಂಬಿಕೆಯೂ ಸರಿಯಲ್ಲ. ತೀರ ಗಂಭೀರ ದೋಷವಿರುವ ಎಷ್ಟೋ ಕೂಸುಗಳಲ್ಲಿ ಸ್ಟೆತಸ್ಕೋಪಿಗೆ ಏನೂ ಸಿಗುವುದಿಲ್ಲ.

ಆದುದರಿಂದ ದೂರದ ತಜ್ಞರ ಮಾತು ಬರುವ ಮೊದಲು ಒಂದು ಬಾಗಿಲಿದೆ, ಅದು ರಕ್ತದ ಆಮ್ಲಜನಕದ ಮಟ್ಟ ತೋರಿಸುವ ಪಲ್ಸ್ ಆಕ್ಸಿಮೀಟರ್. ಅದನ್ನು ಟೆಲಿಮೆಡಿಸಿನ್ ಎಂದು ಯಾರೂ ಕರೆಯುವುದಿಲ್ಲ, ಆದರೆ ಅದಿಲ್ಲದ ಟೆಲಿಮೆಡಿಸಿನ್‌ಗೆ ಯಾವ ಕೂಸನ್ನು ತೋರಿಸಬೇಕೆಂದೇ ತಿಳಿಯುವುದಿಲ್ಲ. ಅಮೆರಿಕದಲ್ಲಿ 2011ರಲ್ಲಿ ಎಲ್ಲ ನವಜಾತ ಶಿಶುಗಳಿಗೂ ಈ ತಪಾಸಣೆಯನ್ನು ಶಿಫಾರಸು ಮಾಡಲಾಯಿತು, ಆಮೇಲೆ ಹಲವು ದೇಶಗಳು ಇದೇ ದಾರಿ ಹಿಡಿದವು. ಹುಟ್ಟಿ 24 ತಾಸು ಕಳೆದ ಮೇಲೆ ಕೂಸಿನ ಬಲಗೈ ಮತ್ತು ಯಾವುದಾದರೂ ಒಂದು ಪಾದದಲ್ಲಿ ಮಟ್ಟ ನೋಡಬೇಕು. ಎಡಗೈ ಸಲ್ಲದು, ಏಕೆಂದರೆ ಡಕ್ಟಸ್ ಸೇರುವುದಕ್ಕಿಂತ ಮೊದಲಿನ ರಕ್ತ ಖಚಿತವಾಗಿ ಹರಿಯುವುದು ಬಲಗೈಗೆ. ಯಾವುದೇ ಕಡೆ ಶೇ 90ಕ್ಕಿಂತ ಕಡಿಮೆ ಬಂದರೆ ಮರುಪರೀಕ್ಷೆಗೂ ಕಾಯದೆ ವೈದ್ಯರು ನೋಡಬೇಕು. ಬಹುಕಾಲ ಬಳಕೆಯಲ್ಲಿದ್ದ ಕ್ರಮದಲ್ಲಿ ಕೈ ಅಥವಾ ಕಾಲು ಎರಡರಲ್ಲೊಂದು ಶೇ 95 ಮುಟ್ಟಿ, ವ್ಯತ್ಯಾಸ 3ಕ್ಕಿಂತ ಹೆಚ್ಚಿಲ್ಲದಿದ್ದರೆ ಸಾಕಿತ್ತು. ನಡುವಿನ ಫಲಿತಾಂಶ ಬಂದರೆ ತಾಸಿಗೊಮ್ಮೆಯಂತೆ ಎರಡು ಸಲ ಮತ್ತೆ ನೋಡುತ್ತಿದ್ದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈಚೆಗೆ ಇದನ್ನು ಬಿಗಿಗೊಳಿಸಿ, ಎರಡೂ ಕಡೆ ಶೇ 95 ಇರಬೇಕು, ಮರುಪರೀಕ್ಷೆ ಒಂದೇ ಸಲ ಎಂದಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ನಾನು ಈ ಹೊಸ ಕ್ರಮವನ್ನೇ ಹೇಳುತ್ತೇನೆ, ಏಕೆಂದರೆ ರಾತ್ರಿ ಪಾಳಿಯ ಒಬ್ಬಳೇ ನರ್ಸ್ ಮೂರನೆಯ ಸಲ ಬಂದು ನೋಡುವುದು ಕಾಗದದ ಮೇಲಷ್ಟೇ ನಡೆಯುತ್ತದೆ.

ಸಣ್ಣ ವಿಷಯದಂತೆ ಕಂಡರೂ ಫಲಿತಾಂಶವನ್ನು ಕೆಡಿಸುವ ಸಂಗತಿಗಳು ಇಲ್ಲಿವೆ. ದೊಡ್ಡವರ ಬೆರಳಿಗೆ ಸಿಕ್ಕಿಸುವ, ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಯಂತ್ರ ಕೂಸಿಗೆ ಸಲ್ಲದು. ಅಂಗೈಗೋ ಪಾದಕ್ಕೋ ಸುತ್ತುವ ನವಜಾತ ಶಿಶುವಿನ ಸೆನ್ಸರ್ ಬೇಕು. ಬೆಳಕು ಹೊಮ್ಮುವ ಭಾಗವೂ ಅದನ್ನು ಹಿಡಿಯುವ ಭಾಗವೂ ಎದುರುಬದುರಾಗಿ ಕೂರಬೇಕು. ಧಾರವಾಡದ ಡಿಸೆಂಬರ್ ಬೆಳಗಿನಲ್ಲಿ ಕೂಸಿನ ಪಾದ ತಣ್ಣಗಿರುವಾಗ ಬರುವ ಅಂಕಿಗೆ ಬೆಲೆಯಿಲ್ಲ. ಪಾದವನ್ನು ಬಟ್ಟೆಯಲ್ಲಿ ಸುತ್ತಿ ಬೆಚ್ಚಗೆ ಮಾಡಿ, ಹಾಲು ಕುಡಿದು ಮಲಗಿದಾಗ, ಯಂತ್ರದ ಪರದೆಯ ಮೇಲಿನ ಅಲೆ ಒಂದೇ ಸಮನೆ ಬರುತ್ತಿರುವಾಗ ಅಂಕಿ ಬರೆದುಕೊಳ್ಳಬೇಕು. ಕಾಮಾಲೆಗೆ ಹಚ್ಚುವ ಫೋಟೊಥೆರಪಿ ದೀಪದ ಕೆಳಗಿದ್ದರೆ ಸೆನ್ಸರ್ ಮೇಲೆ ಬಟ್ಟೆ ಮುಚ್ಚಬೇಕು. ಇಷ್ಟು ಮಾಡಿದರೂ ಗಂಭೀರ ದೋಷಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರನ್ನಷ್ಟೇ ಈ ಯಂತ್ರ ಹಿಡಿಯುತ್ತದೆ. ತಪ್ಪಿಸಿಕೊಳ್ಳುವವುಗಳಲ್ಲಿ ಮುಖ್ಯವಾದದ್ದು ಮಹಾಪಧಮನಿಯ ಕಮಾನು ಕಿರಿದಾಗಿರುವ ದೋಷ. ಅದಕ್ಕೆ ಯಂತ್ರ ಬೇಡ, ತೊಡೆಯ ಸಂದಿನಲ್ಲಿ ನಾಡಿ ಮುಟ್ಟಿ ನೋಡುವ ಬೆರಳು ಬೇಕು. ಹೃತ್ಕುಕ್ಷಿಗಳ ನಡುವಿನ ರಂಧ್ರವೂ ಮೊದಲ ದಿನಗಳಲ್ಲಿ ಈ ಬಾಗಿಲಿನಿಂದ ಜಾರಿಕೊಂಡು ಹೋಗುತ್ತದೆ. ನಾಲ್ಕಾರು ವಾರಗಳಲ್ಲಿ ಕೂಸು ಹಾಲು ಕುಡಿಯುವಾಗ ಹಣೆ ಬೆವರುವುದು, ಎದೆ ಹಾರುವುದು, ತೂಕ ಏರದಿರುವುದು ಶುರುವಾದಾಗಲೇ ಅದು ಗೊತ್ತಾಗುತ್ತದೆ.

ಬಾಗಿಲಿನಲ್ಲಿ ಕೂಸು ಸಿಕ್ಕಿಬಿದ್ದ ಮೇಲಿನ ಮೊದಲ ದಾರಿ ಬರಿಯ ಫೋನು. ಇದನ್ನು ಹಗುರವಾಗಿ ಕಾಣಬಾರದು. ತಜ್ಞರಿಗೆ ಎರಡು ಅಂಕಿ, ನಾಲ್ಕೂ ಕೈಕಾಲುಗಳ ರಕ್ತದೊತ್ತಡ, ತೊಡೆಯ ನಾಡಿ, ಉಸಿರಿನ ಎಣಿಕೆ, ಎದೆಯ ಎಕ್ಸ್‌ರೇ ಚಿತ್ರ ಇಷ್ಟು ಹೇಳಿದರೆ, ಇದು ಹೃದಯದ್ದೋ ಶ್ವಾಸಕೋಶದ್ದೋ ನಂಜಿನದೋ ಎಂಬುದರ ಬಗ್ಗೆ ಅವರು ಒಂದು ಅಂದಾಜಿಗೆ ಬರಬಲ್ಲರು, ಮತ್ತು ಎಕೋ ಇಲ್ಲದೆಯೂ ಡಕ್ಟಸ್ ತೆರೆದಿಡುವ ಪ್ರೊಸ್ಟಗ್ಲಾಂಡಿನ್ ಔಷಧವನ್ನು ಶುರು ಮಾಡಿ ಎಂದು ಹೇಳಬಲ್ಲರು. ಕೂಸು ಉಳಿಯುವುದು ಅನೇಕ ಸಲ ಆ ಒಂದು ಮಾತಿನಿಂದ. ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದು ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯು ವೈದ್ಯರಿಂದ ವೈದ್ಯರಿಗೆ ನಡೆಯುವ ಇಂಥ ಸಮಾಲೋಚನೆಯನ್ನು ಒಪ್ಪುತ್ತದೆ. ವಾಟ್ಸ್‌ಆ್ಯಪ್ ಬಳಸುವುದಕ್ಕೂ ಅಡ್ಡಿಯಿಲ್ಲ. ಆದರೆ ಚಿಕಿತ್ಸೆಯ ಹೊಣೆ ಸಲಹೆ ಕೇಳಿದ ವೈದ್ಯರ ಮೇಲೆಯೇ ಉಳಿಯುತ್ತದೆ ಎಂಬ ಅದರ ಮಾತನ್ನು ನಾವು ಮರೆಯುವಂತಿಲ್ಲ. ಸರ್ಕಾರದ ಆನ್‌ಲೈನ್ ವೈದ್ಯಕೀಯ ಸಲಹೆಯ ಇ-ಸಂಜೀವಿನಿ ಸೇವೆಯ ಬಗ್ಗೆ ಪದೇ ಪದೇ ಕೇಳುತ್ತಾರೆ. ಆರೋಗ್ಯ ಕೇಂದ್ರಗಳಿಂದ ಸಾಮಾನ್ಯ ಸಲಹೆ ಪಡೆಯಲು, ಆರನೆಯ ವಾರದಲ್ಲಿ ತೂಕ ಏರದ ಕೂಸಿನ ಬಗ್ಗೆ ಕೇಳಲು ಅದು ಒಳ್ಳೆಯದೇ. ಮೂವತ್ತು ತಾಸಿನ ಕೂಸಿಗೆ ಮಧ್ಯರಾತ್ರಿ ಬೇಕಾಗುವುದು ಸರದಿಯಲ್ಲ, ಮೊದಲೇ ಮಾತಾಡಿಕೊಂಡಿರುವ ಒಂದು ಫೋನ್ ನಂಬರ್.

ಎರಡನೆಯ ದಾರಿ ಎಕೋ ತುಣುಕುಗಳನ್ನು ದಾಖಲಿಸಿ ಕಳಿಸುವುದು. ಇಲ್ಲಿಯ ಅನುಕೂಲ ಸ್ಪಷ್ಟವಾಗಿದೆ. ತಜ್ಞರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ತಮ್ಮ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಬಂದ ಮೇಲೆ ನೋಡಬಹುದು, ನೆಟ್‌ವರ್ಕ್ ಆಗಾಗ ಕೈಕೊಟ್ಟರೂ ಕಡತ ನಿಧಾನವಾಗಿಯಾದರೂ ಹೋಗಿ ಸೇರುತ್ತದೆ, ಒಂದೇ ತುಣುಕನ್ನು ಹತ್ತು ಸಲ ಹಿಂದೆ ಮುಂದೆ ಮಾಡಿ ನೋಡಬಹುದು. ನವಜಾತ ಶಿಶುವಿನ ಹೃದಯ ನಿಮಿಷಕ್ಕೆ 120ರಿಂದ 160 ಸಲ ಬಡಿಯುವುದರಿಂದ ಮೂರು ಸೆಕೆಂಡಿನ ತುಣುಕಿನಲ್ಲೇ ಆರೇಳು ಬಡಿತಗಳು ಸಿಗುತ್ತವೆ. ನಿಂತ ಚಿತ್ರ ಬೇಡ, ಚಲಿಸುವ ತುಣುಕೇ ಬೇಕು. ಆದರೆ ಯಂತ್ರದಿಂದ ಮೂಲ ಕಡತವನ್ನು ತೆಗೆಯದೆ, ಪರದೆಯ ಮುಂದೆ ಮೊಬೈಲ್ ಹಿಡಿದು ವಿಡಿಯೊ ಮಾಡುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಪರದೆಯ ಮೇಲೆ ಟ್ಯೂಬ್‌ಲೈಟಿನ ಬಿಳಿ ಪಟ್ಟಿ ಬೀಳುತ್ತದೆ, ವಾಟ್ಸ್‌ಆ್ಯಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ, ರಕ್ತದ ಹರಿವನ್ನು ತೋರಿಸುವ ಡಾಪ್ಲರಿನ ಕೆಂಪು ನೀಲಿ ಬಣ್ಣಗಳು ಚೌಕ ಚೌಕವಾಗಿ ಒಡೆದು ಹೋಗಿ, ರಕ್ತ ಯಾವ ಕಡೆಯಿಂದ ಯಾವ ಕಡೆಗೆ ನುಗ್ಗುತ್ತಿದೆ ಎಂಬುದೇ ಮಸುಕಾಗುತ್ತದೆ. ಮೂಲೆಯಲ್ಲಿರುವ ತಾಯಿಯ ಹೆಸರೂ ಜೊತೆಗೆ ಹೋಗುತ್ತದೆ. ಯಂತ್ರದಿಂದ ಡೈಕಾಮ್ ಎಂಬ ಮೂಲ ವೈದ್ಯಕೀಯ ಚಿತ್ರದ ಕಡತವನ್ನೋ, ಅದಾಗದಿದ್ದರೆ ಯಂತ್ರವೇ ಮಾಡಿಕೊಡುವ ವಿಡಿಯೊ ಕಡತವನ್ನೋ ಪೆನ್‌ಡ್ರೈವಿಗೆ ಇಳಿಸಿ, ದಾಖಲೆಯ ರೂಪದಲ್ಲಿ ಕಳಿಸುವುದಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಆ ಹತ್ತು ನಿಮಿಷ ದಂಡವಲ್ಲ.

ಈ ದಾರಿಯ ನಿಜವಾದ ಅಪಾಯ ಬೇರೆ, ಅದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಂದು ಗಂಡುಕೂಸಿನ ಎಕೋ ತುಣುಕುಗಳನ್ನು ನಾವು ಕಳಿಸಿದೆವು. ಪಕ್ಕೆಲುಬಿನ ಗೂಡಿನ ಕೆಳಗಿಂದ, ಹೃದಯದ ತುದಿಯಿಂದ, ಎದೆಮೂಳೆಯ ಪಕ್ಕದಿಂದ ತೆಗೆದ ನೋಟಗಳಿದ್ದವು. ಕೊರಳ ಕುಳಿಯಿಂದ ತೆಗೆಯಬೇಕಾದ, ಮಹಾಪಧಮನಿಯ ಕಮಾನನ್ನು ತೋರಿಸುವ ನೋಟ ಇರಲಿಲ್ಲ; ಕೂಸು ತಲೆ ಹಿಂದಕ್ಕೆ ಚಾಚಲು ಬಿಡದೆ ಅಳುತ್ತಿತ್ತು, ಮಾಡುತ್ತಿದ್ದವರಿಗೆ ಆ ನೋಟದ ಅಭ್ಯಾಸವೂ ಇರಲಿಲ್ಲ. ಮರುದಿನ ಬೆಳಿಗ್ಗೆ ಬಂದ ವರದಿಯಲ್ಲಿ ‘ಕಳಿಸಿದ ನೋಟಗಳಲ್ಲಿ ದೊಡ್ಡ ದೋಷ ಕಾಣುವುದಿಲ್ಲ’ ಎಂಬ ಅರ್ಥದ ಒಂದು ಸಾಲಿತ್ತು. ನಾನು ಆ ಸಾಲಿನ ಮೊದಲೆರಡು ಪದಗಳನ್ನು ಬಿಟ್ಟು ಓದಿದೆ. ಕೂಸು ಆರನೆಯ ದಿನ ಬೂದಿ ಬಣ್ಣಕ್ಕೆ ತಿರುಗಿ, ಮೂತ್ರ ನಿಂತು ವಾಪಸು ಬಂತು. ತೊಡೆಯ ಎರಡೂ ಸಂದುಗಳಲ್ಲಿ ನಾಡಿ ಸಿಗಲಿಲ್ಲ. ಕಮಾನು ಕಿರಿದಾಗಿತ್ತು. ಕೂಸು ಶಸ್ತ್ರಚಿಕಿತ್ಸೆಯಾಗಿ ಉಳಿಯಿತು, ಆದರೆ ವರದಿ ಬರೆದ ತಜ್ಞರು ತಪ್ಪು ಮಾಡಿರಲಿಲ್ಲ. ಅವರು ತಮಗೆ ಕಳಿಸಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದರು. ಕಳಿಸುವ ಪದ್ಧತಿಯನ್ನು ಆರಿಸಿಕೊಳ್ಳುವ ಆಸ್ಪತ್ರೆಯು, ಯಾವ ಯಾವ ನೋಟಗಳಿಲ್ಲದಿದ್ದರೆ ತುಣುಕನ್ನೇ ಕಳಿಸಬಾರದು ಎಂಬ ಪಟ್ಟಿಯನ್ನು ತಜ್ಞರಿಂದ ಬರೆಸಿಕೊಂಡು ಯಂತ್ರದ ಮೇಲೆ ಅಂಟಿಸಬೇಕು; ನೋಡಲಾಗದ ನೋಟ ಯಾವುದು ಎಂಬುದನ್ನು ವರದಿಯಲ್ಲಿ ಬೇರೆಯಾಗಿ ಬರೆಯುವಂತೆ ತಜ್ಞರನ್ನೂ ಕೇಳಿಕೊಳ್ಳಬೇಕು.

ಮೂರನೆಯದು, ತಜ್ಞರು ನೇರವಾಗಿ ನೋಡುತ್ತ ಮಾತಿನಿಂದ ಕೈಯನ್ನು ನಡೆಸುವ ಎಕೋ. ಮೊದಲು ಹೇಳಿದ ಹೆಣ್ಣುಕೂಸಿಗೆ ನಾವು ಆ ರಾತ್ರಿ ಮಾಡಿದ್ದು ಇದನ್ನೇ. ಯಂತ್ರದ ವಿಡಿಯೊ ತಂತಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಒಂದು ಕರೆಯಲ್ಲಿ ಪರದೆಯನ್ನು ಹಂಚಿದೆವು, ಇನ್ನೊಂದು ಮೊಬೈಲನ್ನು ಸಲೈನ್ ಕಂಬಕ್ಕೆ ಕಟ್ಟಿ ನನ್ನ ಕೈ ಮತ್ತು ಕೂಸಿನ ಎದೆ ಕಾಣುವಂತೆ ಇಟ್ಟೆವು. ಈ ಎರಡನೆಯ ಕ್ಯಾಮೆರಾ ಇಲ್ಲದಿದ್ದರೆ, ಎದೆಯ ಮೇಲೆ ಹಿಡಿಯುವ ಎಕೋ ಸಾಧನವಾದ ಪ್ರೋಬ್ ಎಲ್ಲಿದೆ ಎಂದು ತಿಳಿಯದೆ ತಜ್ಞರು ಕತ್ತಲಲ್ಲಿ ದಾರಿ ಹೇಳಿದಂತಾಗುತ್ತದೆ. ‘ಗುರುತನ್ನು ಎಡ ಭುಜದ ಕಡೆಗೆ ತಿರುಗಿಸಿ, ಇನ್ನು ಸ್ವಲ್ಪ, ಅಲ್ಲೇ ನಿಲ್ಲಿ, ಒತ್ತಬೇಡಿ, ಈಗ ಬಣ್ಣ ಹಾಕಿ’ ಎಂದು ಅವರು ಹೇಳುತ್ತಿದ್ದಂತೆ ಅಜ್ಜಿಯು ಕೂಸಿನ ಬಾಯಿಗೆ ಸಕ್ಕರೆ ನೀರಿನ ಹತ್ತಿ ಹಿಡಿದಿದ್ದಳು. ಇಪ್ಪತ್ತೈದು ನಿಮಿಷದಲ್ಲಿ ಕೊರಳ ಕುಳಿಯ ನೋಟವೂ ಸೇರಿ ಎಲ್ಲ ನೋಟಗಳು ಸಿಕ್ಕವು. ಹೃದಯದ ರಚನೆ ಸರಿಯಾಗಿತ್ತು. ಶ್ವಾಸಕೋಶದ ನಾಳಗಳ ಒತ್ತಡ ಇಳಿಯದೆ, ಕೆಟ್ಟ ರಕ್ತ ಡಕ್ಟಸ್ ಮೂಲಕ ಕೆಳಗಿನ ಅರ್ಧ ಮೈಗೆ ಸೇರುತ್ತಿತ್ತು, ಅದರ ಹಿಂದೆ ನಂಜು ಇತ್ತು. ಕೂಸಿಗೆ ಬೇಕಿದ್ದದ್ದು ಬೆಂಗಳೂರಿನ ಹೃದಯ ಶಸ್ತ್ರಚಿಕಿತ್ಸೆಯಲ್ಲ, ನಮ್ಮದೇ ಜಿಲ್ಲೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ. ಆಕ್ಸಿಮೀಟರಿನ ‘ಸುಳ್ಳು’ ಎಚ್ಚರಿಕೆಗಳೆಂದು ಎಣಿಸುವ ಫಲಿತಾಂಶಗಳಲ್ಲಿ ದೊಡ್ಡ ಪಾಲು ಇಂಥ ಕೂಸುಗಳದ್ದೇ, ಅವು ಹೇಗೂ ಚಿಕಿತ್ಸೆ ಬೇಕಾದ ಕೂಸುಗಳೇ. ಸುಳ್ಳು ಎಂಬ ಪದ ನನಗೆ ಎಂದೂ ಹಿಡಿಸಿಲ್ಲ.

ನೇರ ಎಕೋ ಹೊಸ ವಿದ್ಯೆಯಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನ ಮಕ್ಕಳ ಹೃದ್ರೋಗ ತಜ್ಞರು 1990ರ ದಶಕದಲ್ಲೇ ಐಎಸ್‌ಡಿಎನ್ ಎಂಬ ಡಿಜಿಟಲ್ ದೂರವಾಣಿ ತಂತಿಗಳ ಮೇಲೆ, ಕಡಿಮೆ ಖರ್ಚಿನಲ್ಲಿ, ದೂರದ ಆಸ್ಪತ್ರೆಯ ನವಜಾತ ಶಿಶುಗಳ ಎಕೋವನ್ನು ನೋಡಿ ದೋಷ ಗುರುತಿಸಿದ್ದರು. ಆ ಕಾಲದ ಹಲವು ಕೇಂದ್ರಗಳು ಬಳಸಿದ್ದು ಸೆಕೆಂಡಿಗೆ 384 ಕಿಲೋಬಿಟ್ ವೇಗ. ಈಗಿನ ಮೊಬೈಲ್ ನೆಟ್‌ವರ್ಕ್ ಕೆಟ್ಟ ದಿನದಲ್ಲೂ ಅಷ್ಟು ಕೊಡುತ್ತದೆ, ಕೊಡದಿರುವುದು ಸ್ಥಿರತೆಯನ್ನು. ಬ್ರೆಜಿಲ್‌ನ ಪರೈಬಾ ರಾಜ್ಯದ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಹೆರಿಗೆ ಆಸ್ಪತ್ರೆಗಳು ಮೊದಲು ಆಕ್ಸಿಮೀಟರಿನಿಂದ ಜರಡಿ ಹಿಡಿದವು, ಸಿಕ್ಕಿಬಿದ್ದ ಕೂಸುಗಳಿಗೆ ಸ್ಥಳೀಯ ಮಕ್ಕಳ ವೈದ್ಯರೇ ಎಕೋ ಮಾಡಿದರು, ಪಕ್ಕದ ರಾಜ್ಯದ ರೆಸೀಫೆ ನಗರದಲ್ಲಿ ಕುಳಿತ ಹೃದ್ರೋಗ ತಜ್ಞರು ಅದನ್ನು ಅಂತರ್ಜಾಲದ ಮೂಲಕ ನೋಡಿ ನಡೆಸಿದರು. ನಮ್ಮ ರಾಜ್ಯದಲ್ಲೂ 2002ರಲ್ಲಿ ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರು. ಅಂದರೆ ಸಂಪರ್ಕ ನಮಗೆ ಎರಡು ದಶಕಗಳಿಂದ ಗೊತ್ತಿರುವ ಸಂಗತಿ. ಕಷ್ಟವಿರುವುದು ಪ್ರೋಬ್ ಹಿಡಿಯುವ ಕೈಯಲ್ಲಿ ಮತ್ತು ಪ್ರೋಬಿನಲ್ಲೇ. ದೊಡ್ಡವರ ಹೃದಯ ನೋಡುವ, ಕಡಿಮೆ ಆವರ್ತನದ ಪ್ರೋಬ್ ಮೂರು ಕಿಲೋ ತೂಕದ ಕೂಸಿನ ಲಿಂಬೆಹಣ್ಣಿನಷ್ಟು ಹೃದಯವನ್ನು ಬಿಡಿಸಿ ತೋರಿಸಲಾರದು. 8 ಮೆಗಾಹರ್ಟ್ಸ್‌ಗಿಂತ ಮೇಲಿನ ಶಿಶು ಪ್ರೋಬ್ ಬೇಕು. ಯಂತ್ರ ಕೊಳ್ಳುವಾಗ ಇದನ್ನು ಕೇಳದೆ, ಆಮೇಲೆ ಪ್ರೋಬಿಗೇ ಬೇರೆ ಹಣ ಹುಡುಕುವ ಆಸ್ಪತ್ರೆಗಳುಂಟು. ಜೊತೆಗೆ, ಎಕೋ ಯಂತ್ರವೂ ಅಲ್ಟ್ರಾಸೌಂಡ್ ಯಂತ್ರವಾಗಿರುವುದರಿಂದ 1994ರ ಗರ್ಭಪೂರ್ವ ಮತ್ತು ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಅದರ ನೋಂದಣಿಯಾಗಬೇಕು. ಕೈಚೀಲದಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರವಾದರೂ ನೋಂದಾಯಿಸಿದ ಆವರಣದಿಂದ ಊರೂರಿಗೆ ಒಯ್ಯುವಂತಿಲ್ಲ. ಬೇರೆ ದೇಶಗಳ ಪ್ರಬಂಧಗಳನ್ನು ಓದಿ, ಮನೆಮನೆಗೆ ಎಕೋ ಒಯ್ಯುವ ಕನಸು ಕಾಣುವವರು ಇದನ್ನು ಮೊದಲು ನೋಡಬೇಕು.

ತಜ್ಞರ ಸಮಯವೂ ಒಂದು ಖರ್ಚು. ಕಳಿಸಿದ ತುಣುಕನ್ನು ಅವರು ಹತ್ತು ನಿಮಿಷದಲ್ಲಿ ಓದಿ ಮುಗಿಸಿದರೆ, ನೇರ ಎಕೋಗೆ ಅರ್ಧ ತಾಸು, ಅದೂ ನಮಗೆ ಬೇಕಾದ ಹೊತ್ತಿನಲ್ಲಿ ಕೊಡಬೇಕು. ಆದ್ದರಿಂದ ಎರಡನ್ನೂ ಸೇರಿಸಿಕೊಳ್ಳುವುದು ವಾಸಿ: ಎದೆಬಡಿತದಲ್ಲಿ ಕೇಳುವ, ಅವಸರವಿಲ್ಲದ ಗೊಣಗು ಶಬ್ದ, ಡೌನ್ ಸಿಂಡ್ರೋಮ್ ಇರುವ ಕೂಸಿನ ತಪಾಸಣೆ, ಮರುಪರೀಕ್ಷೆ ಇವು ಕಳಿಸುವ ದಾರಿಗೆ, ಆಕ್ಸಿಮೀಟರಿನಲ್ಲಿ ಸಿಕ್ಕಿಬಿದ್ದ, ನಾಡಿ ಸಿಗದ, ಬಿಳಿಚಿಕೊಂಡ ಕೂಸುಗಳು ನೇರ ದಾರಿಗೆ. ಡಿಜಿಟಲ್ ಸ್ಟೆತಸ್ಕೋಪು, ಹೃದಯದ ಶಬ್ದವನ್ನು ತಾನೇ ಓದಿ ಹೇಳುವ ಆ್ಯಪು ಇವುಗಳನ್ನು ಮಾರುವವರು ಈಚೆಗೆ ಆಸ್ಪತ್ರೆಗಳಿಗೆ ಬರುತ್ತಿದ್ದಾರೆ. ಶಬ್ದವೇ ಇಲ್ಲದ ದೋಷಗಳ ಬಗ್ಗೆ ಆಗಲೇ ಹೇಳಿದ್ದೇನೆ. ಅದೇ ಹಣಕ್ಕೆ ಇನ್ನೊಂದು ಒಳ್ಳೆಯ ಆಕ್ಸಿಮೀಟರ್ ಮತ್ತು ನಾಲ್ಕು ಶಿಶು ಸೆನ್ಸರ್ ಕೊಳ್ಳುವುದು ಮೇಲು. ತಿಂಗಳಿಗೊಮ್ಮೆ ಊರಿಗೆ ಬಂದು ನೋಡಿ ಹೋಗುವ ತಜ್ಞರ ಶಿಬಿರಗಳು ರಂಧ್ರವಿರುವ ದೊಡ್ಡ ಕೂಸುಗಳಿಗೆ, ಶಸ್ತ್ರಚಿಕಿತ್ಸೆಯಾದವರ ಮರುಭೇಟಿಗೆ ಬಹಳ ಉಪಕಾರಿ, ಮೊದಲ ವಾರದ ಕೂಸಿಗಲ್ಲ.

ಇನ್ನು ಉಳಿದದ್ದು ನೇರವಾಗಿ ಹೊರಡಿಸುವ ದಾರಿ. ಹುಬ್ಬಳ್ಳಿ-ಧಾರವಾಡ ಅವಳಿ ನಗರದೊಳಗಿನ ನರ್ಸಿಂಗ್ ಹೋಮುಗಳಿಗೆ ಇದೇ ಮೊದಲ ಆಯ್ಕೆಯಾಗಬೇಕು. ಎರಡು ಊರುಗಳ ನಡುವೆ 20 ಕಿಲೋಮೀಟರ್. ಅಲ್ಲಿ ಟೆಲಿ ಎಕೋಗೆ ತಂತಿ ಜೋಡಿಸುವ ಹೊತ್ತಿನಲ್ಲಿ ಕೂಸು ದೊಡ್ಡ ಆಸ್ಪತ್ರೆಯ ಒಳಗಿರುತ್ತದೆ. ಗದಗದಿಂದ ಹುಬ್ಬಳ್ಳಿ ಸುಮಾರು 58 ಕಿಲೋಮೀಟರ್, ಹಾವೇರಿಯಿಂದ ಸುಮಾರು 75, ಎರಡೂ ಹೆದ್ದಾರಿಗಳೇ. ಈ ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳು ಫೋನು ಮಾಡಿ, ಔಷಧ ಶುರು ಮಾಡಿ, ಕೂಸು ಸ್ಥಿರವಾಗುತ್ತಿರುವ ಆ ಒಂದು ತಾಸಿನಲ್ಲಿ ನೇರ ಎಕೋ ಮುಗಿಸಬಹುದು. ಅದರಿಂದ ಹೊರಡುವುದು ತಡವಾಗುವಂತಿದ್ದರೆ ಮಾಡಬಾರದು. ರೋಣ, ಗಜೇಂದ್ರಗಡ, ಮುಂಡರಗಿ, ಹಿರೇಕೆರೂರು, ರಟ್ಟೀಹಳ್ಳಿಗಳ ಲೆಕ್ಕ ಬೇರೆ. ಅಲ್ಲಿಂದ ಕೂಸನ್ನು ಎಲ್ಲಿಗೆ ಕಳಿಸಬೇಕು ಎಂಬುದೇ ಮೊದಲ ಪ್ರಶ್ನೆ: ಜಿಲ್ಲಾ ಆಸ್ಪತ್ರೆ ಸಾಕೇ, ಹುಬ್ಬಳ್ಳಿಗೇ ಹೋಗಬೇಕೇ, ಅಥವಾ ಹುಬ್ಬಳ್ಳಿಯಿಂದ ಸುಮಾರು 410 ಕಿಲೋಮೀಟರ್ ಆಚೆಯ ಬೆಂಗಳೂರೇ ಆಗಬೇಕೇ. ದೊಡ್ಡ ರಕ್ತನಾಳಗಳು ಅದಲು ಬದಲಾಗಿ ಹುಟ್ಟಿದ ಕೂಸಿಗೆ ಮೊದಲ ಎರಡು ಮೂರು ವಾರಗಳಲ್ಲೇ ನಾಳಗಳನ್ನು ತಿರುವು ಮಾಡುವ ಶಸ್ತ್ರಚಿಕಿತ್ಸೆ ಆಗಬೇಕು, ಅದನ್ನು ಮಾಡದ ಆಸ್ಪತ್ರೆಗೆ ಕಳಿಸಿ, ಅಲ್ಲಿಂದ ಮತ್ತೆ ರೆಫರ್ ಆಗುವುದರಲ್ಲಿ ದಿನಗಳೇ ಹೋಗುತ್ತವೆ. ದೂರದ ತಾಲ್ಲೂಕುಗಳಿಗೆ ಟೆಲಿ ಎಕೋ ಅತಿ ಹೆಚ್ಚು ಬೆಲೆ ಬಾಳುವುದು ಇಲ್ಲಿ. ಆದರೆ ಶಿಶು ಪ್ರೋಬ್ ಮತ್ತು ಅಭ್ಯಾಸದ ಕೈ ಅತಿ ಕಡಿಮೆ ಇರುವುದೂ ಅಲ್ಲೇ. ಹಾಗಾಗಿ ತಾಲ್ಲೂಕಿನಲ್ಲಿ ಆಕ್ಸಿಮೀಟರ್, ತೊಡೆಯ ನಾಡಿ, ಒಂದು ಫೋನ್ ನಂಬರ್ ಮತ್ತು ಫ್ರಿಜ್ಜಿನಲ್ಲಿ ಪ್ರೊಸ್ಟಗ್ಲಾಂಡಿನ್ ಇರಲಿ, ನೇರ ಎಕೋ ಜಿಲ್ಲಾ ಆಸ್ಪತ್ರೆಯಲ್ಲಿರಲಿ ಎಂಬುದು ನನ್ನ ಅಭಿಪ್ರಾಯ. ಪ್ರತಿ ತಾಲ್ಲೂಕಿಗೂ ಎಕೋ ಯಂತ್ರ ಹಂಚುವ ಯೋಜನೆಗಿಂತ, ಗದಗ ಮತ್ತು ಹಾವೇರಿಯ ಜಿಲ್ಲಾ ಕೇಂದ್ರಗಳಲ್ಲಿ ತಲಾ ನಾಲ್ವರ ಕೈ ಪಳಗಿಸುವುದು ಹೆಚ್ಚು ಕೂಸುಗಳನ್ನು ತಲುಪುತ್ತದೆ.

ಹೊರಡಿಸುವಾಗಿನ ಎರಡು ಮಾತು. ಪ್ರೊಸ್ಟಗ್ಲಾಂಡಿನ್ ಓಡುತ್ತಿರುವ ಕೂಸಿನ ಉಸಿರು ಇದ್ದಕ್ಕಿದ್ದಂತೆ ನಿಲ್ಲಬಹುದು, ಆದುದರಿಂದ ಉಸಿರಿನ ಚೀಲ ಹಿಡಿದು ಗೊತ್ತಿರುವವರು ಆಂಬ್ಯುಲೆನ್ಸಿನಲ್ಲಿ ಕೂಸಿನ ತಲೆಯ ಬಳಿ ಇರಬೇಕು. ಅದಿಲ್ಲದೆ 108ಕ್ಕೆ ಹತ್ತಿಸಿ ಕೈ ಮುಗಿಯುವುದು ಸಾಗಣೆಯಾಗುವುದಿಲ್ಲ. ಎರಡನೆಯದು ಆಮ್ಲಜನಕ. ಅಂಕಿ ಕಡಿಮೆ ಇದೆ ಎಂದು ಗಾಬರಿಯಿಂದ ನೂರಕ್ಕೆ ನೂರು ಆಮ್ಲಜನಕ ಹರಿಸುವುದು ಕೆಲವು ದೋಷಗಳಲ್ಲಿ ಡಕ್ಟಸ್ ಮುಚ್ಚಿಕೊಳ್ಳುವುದಕ್ಕೇ ನೆರವಾಗುತ್ತದೆ. ಅಂಥ ಕೂಸುಗಳಲ್ಲಿ ಶೇ 75ರಿಂದ 85ರಷ್ಟು ಮಟ್ಟ ಸಾಕೆಂದು ತಜ್ಞರು ಹೇಳುವುದುಂಟು. ಎಷ್ಟು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಯನ್ನು ಆ ಮೊದಲ ಫೋನಿನಲ್ಲೇ ಕೇಳಿ, ಕಾಗದದ ಮೇಲೆ ದೊಡ್ಡದಾಗಿ ಬರೆದು ಕೂಸಿನ ಜೊತೆ ಕಳಿಸಬೇಕು.

ಹಣದ ಮಾತು ಎಲ್ಲ ದಾರಿಗಳಿಗೂ ಒಂದೇ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕಾಯಿಲೆಯಾದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಮತ್ತು ಸಾಗಣೆ ಉಚಿತ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟಿನಿಂದ ಬಂದ ಹೃದ್ರೋಗವೂ ಇದೆ. ಅದಕ್ಕಾಗಿ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಪ್ರವೇಶ ಕೇಂದ್ರದಲ್ಲಿ ಹೆಸರು ದಾಖಲಿಸಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಉಳಿದವರಿಗೆ ನಿಗದಿತ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ. ತುರ್ತು ಪಟ್ಟಿಯಲ್ಲಿಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುವುದರಿಂದ, ಟೆಲಿ ಎಕೋದ ವರದಿಯನ್ನು ಮೊಬೈಲಿನಲ್ಲಿ ಬಿಡದೆ, ತಜ್ಞರ ಹೆಸರು, ನೋಂದಣಿ ಸಂಖ್ಯೆ, ಸಮಯ, ನೋಡಿದ ಮತ್ತು ನೋಡಲಾಗದ ನೋಟಗಳು ಎಲ್ಲವೂ ಇರುವಂತೆ ಮುದ್ರಿಸಿ ಆ ಪತ್ರಕ್ಕೆ ಲಗತ್ತಿಸಬೇಕು. ಮೊದಲ ಹೆರಿಗೆ ತವರಿನಲ್ಲೇ ಆಗುವುದು ನಮ್ಮಲ್ಲಿ ವಾಡಿಕೆ. ಹಿರೇಕೆರೂರಿನ ಸೊಸೆ ರೋಣದ ತವರಿನಲ್ಲಿ ಹೆತ್ತಾಗ ರೇಷನ್ ಕಾರ್ಡು ಗಂಡನ ಮನೆಯ ಕಪಾಟಿನಲ್ಲಿರುತ್ತದೆ. ಆಂಬ್ಯುಲೆನ್ಸ್ ಬರುವ ಮೊದಲೇ ಅಲ್ಲಿಗೆ ಫೋನು ಮಾಡಿ ಕಾರ್ಡಿನ ಮತ್ತು ತಂದೆ ತಾಯಿಯ ಆಧಾರಿನ ಫೋಟೊ ತರಿಸಿಕೊಂಡು, ಮೂಲ ಪ್ರತಿಗಳನ್ನು ಹಿಡಿದು ರೋಣಕ್ಕೆ ಬಾರದೆ ನೇರವಾಗಿ ಹುಬ್ಬಳ್ಳಿಗೇ ಬರುವಂತೆ ಅವರ ಮನೆಯವರಿಗೆ ಹೇಳಬೇಕು.